ಸಿಗದ ಸಿನಿಮಾದ ಸೆಳೆತ

ಎಪ್ಪತ್ತರ ದಶಕದ ಜಪಾನೀ ಚಿತ್ರಗಳ ಬೆನ್ನು ಹತ್ತಿದ ಸಂಗ್ರಾಹಕರು ಜಗತ್ತಿನ ಎಷ್ಟೋ ಕಡೆ ಇದ್ದಾರೆ. ಎಲ್ಲರಿಗೂ ಗೊತ್ತಿರುವ ಸಮುರಾಯ್ ಚಿತ್ರಗಳಲ್ಲ ಅವರಿಗೆ ಬೇಕಾದದ್ದು. ಜಪಾನಿನಲ್ಲೇ ಬಹಳ ಮಂದಿ ಮರೆತುಬಿಟ್ಟ, ಮನೆಯೊಳಗಿನ ಮತ್ತು ಊರೊಳಗಿನ ಸಂಕಟಗಳನ್ನು ಹೇಳುವ ಸಣ್ಣ ಚಿತ್ರಗಳಿಗಾಗಿ ಅವರು ವರ್ಷಗಟ್ಟಲೆ ಹುಡುಕುತ್ತಾರೆ. ಮಾಸಿದ ಕ್ಯಾಸೆಟ್ಟಿಗೂ ಬೆಲೆ ಕೊಡುತ್ತಾರೆ. ಜಪಾನೀ ಬಲ್ಲವರನ್ನು ಹಿಡಿದು ತಾವೇ ಸಬ್‌ಟೈಟಲ್ ಮಾಡಿಕೊಳ್ಳುತ್ತಾರೆ. ಅಂಥ ಚಿತ್ರಗಳಲ್ಲಿ ಒಂದು, ಕುರೋಕಿ ಕಜುಓ 1975ರಲ್ಲಿ ತೆಗೆದ 'ಮತ್ಸುರಿ ನೋ ಜುನ್ಬಿ'. ಶಿಕೋಕು ದ್ವೀಪದ ಕೋಚಿ ಪ್ರಾಂತ್ಯದ ಒಂದು ಚಿಕ್ಕ ಊರು. ಅಲ್ಲಿನ ಸಾಲ ಸಂಘವೊಂದರಲ್ಲಿ ಗುಮಾಸ್ತಗಿರಿ ಮಾಡುತ್ತ, ಟೋಕಿಯೋಗೆ ಹೋಗಿ ಚಿತ್ರಕಥೆ ಬರೆಯಬೇಕೆಂದು ಕನಸು ಕಾಣುವ ಒಬ್ಬ ಹುಡುಗ. ಇಷ್ಟೇ ಅದರ ಬಂಡವಾಳ.

ಚಾರ್ಮಾಡಿ ಘಾಟಿ ಹತ್ತಿ ಬಂದವರಿಗೆ ಕೊಟ್ಟಿಗೆಹಾರ ದಾಟುತ್ತಲೇ ಸಿಗುವ ಬಣಕಲ್‌ನಲ್ಲಿ ಕೂತು ಈ ವಿಷಯ ಯೋಚಿಸುವವನಿಗೆ ಅದು ದೂರದ ಮಾತು ಅನ್ನಿಸುವುದಿಲ್ಲ. ಆ ಹುಡುಗನಂಥವರು ನಮ್ಮ ಸೊಸೈಟಿಗಳಲ್ಲೂ ಎಸ್ಟೇಟಿನ ಆಫೀಸುಗಳಲ್ಲೂ ಇದ್ದಾರೆ, ಹಿಂದೆಯೂ ಇದ್ದರು. ಅಷ್ಟೇ ಅಲ್ಲ, ಅದೇ ದಶಕದಲ್ಲಿ ಕನ್ನಡದಲ್ಲೂ ಇಂಥವೇ ಚಿತ್ರಗಳು ಬಂದವು. ಅವುಗಳಲ್ಲಿ ಹಲವು ಹುಟ್ಟಿದ್ದು ಈ ಮಲೆನಾಡಿನ ಕತೆಗಳಿಂದ. ಅವುಗಳಲ್ಲೂ ಎಷ್ಟೋ ಈಗ ಹುಡುಕುವವರ ಪಾಲಾಗಿವೆ. ಹಾಗಾಗಿ ಈ ಪ್ರಶ್ನೆಯನ್ನು ಜಪಾನಿನಿಂದ ಶುರುಮಾಡಿ ನಮ್ಮ ಅಂಗಳಕ್ಕೇ ತರಬೇಕಾಗುತ್ತದೆ: ಹೆಚ್ಚು ಮಂದಿ ನೋಡದ ಚಿತ್ರಕ್ಕಾಗಿ ಒಬ್ಬ ಮನುಷ್ಯ ಅಷ್ಟೊಂದು ಯಾಕೆ ಹಂಬಲಿಸುತ್ತಾನೆ? ಆ ಹಂಬಲಕ್ಕೆ ಬೆಲೆ ಬರುವುದು ಯಾವಾಗ?

ಮೊದಲು ಆ ಚಿತ್ರಗಳು ಹುಟ್ಟಿದ ಪರಿಸ್ಥಿತಿ ನೋಡೋಣ. 1958ರಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ 112 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾಗಿದ್ದವು. ಟೆಲಿವಿಷನ್ ಮನೆಮನೆಗೆ ಬಂದಮೇಲೆ ಆ ಸಂಖ್ಯೆ 1972ರ ಹೊತ್ತಿಗೆ 20 ಕೋಟಿಗಿಂತ ಕೆಳಗಿಳಿಯಿತು. 1971ರಲ್ಲಿ ದಾಯೆ ಸ್ಟುಡಿಯೋ ದಿವಾಳಿಯಾಯಿತು. ನಿಕ್ಕಾತ್ಸು ಸ್ಟುಡಿಯೋ ಅದೇ ವರ್ಷ ಕಾಮಪ್ರಚೋದಕ ಚಿತ್ರಗಳತ್ತ ಹೊರಳಿ ಉಳಿದುಕೊಂಡಿತು. ಕುರೊಸಾವಾ ಅವರಂಥವರಿಗೂ ಬಂಡವಾಳ ಹುಟ್ಟಲಿಲ್ಲ. 1970ರ 'ದೊದೆಸ್ಕಾದೆನ್' ಸೋತಿತು, ಮರುವರ್ಷ ಅವರು ಆತ್ಮಹತ್ಯೆಗೆ ಪ್ರಯತ್ನಿಸಿದರು. 1975ರ 'ದೆರ್ಸು ಉಜಾಲಾ'ಕ್ಕೆ ಹಣ ಕೊಟ್ಟಿದ್ದು ಸೋವಿಯತ್ ಒಕ್ಕೂಟ.

ದೊಡ್ಡ ಮರಗಳು ಉರುಳಿದ ಈ ಜಾಗದಲ್ಲೇ ಹೊಸ ಚಿಗುರು ಬಂತು. 1961ರಲ್ಲಿ ಶುರುವಾಗಿದ್ದ ಆರ್ಟ್ ಥಿಯೇಟರ್ ಗಿಲ್ಡ್ ಎಂಬ ಸಂಸ್ಥೆ ಅರವತ್ತರ ದಶಕದ ಕೊನೆಯಿಂದ ನಿರ್ದೇಶಕರ ಜೊತೆ ಖರ್ಚು ಹಂಚಿಕೊಂಡು, ಸುಮಾರು ಒಂದು ಕೋಟಿ ಯೆನ್‌ನೊಳಗೆ ಚಿತ್ರ ಮಾಡಿಸತೊಡಗಿತು. ಸ್ಟುಡಿಯೋಗಳ ಲೆಕ್ಕದಲ್ಲಿ ಅದು ಏನೇನೂ ಅಲ್ಲ. ಆದರೆ ಅಷ್ಟು ಕಡಿಮೆ ದುಡ್ಡು ಹಾಕಿದವರಿಗೆ ನಿರ್ದೇಶಕನ ಕೈ ಕಟ್ಟುವ ಅಗತ್ಯವೂ ಇರಲಿಲ್ಲ. ಕುರೋಕಿ ಅವರ ಚಿತ್ರ, ತೆರಯಾಮ ಶುಜಿ ತಮ್ಮ ಊರಿನ ನೆನಪಿನಿಂದ 1974ರಲ್ಲಿ ಕಟ್ಟಿದ ಚಿತ್ರ, ಹಿಗಾಶಿ ಯೋಯಿಚಿ ಅವರ 1978ರ 'ಸಾದ್' ಇವೆಲ್ಲ ಬಂದಿದ್ದು ಈ ದಾರಿಯಿಂದ.

ಕನ್ನಡದ ಕತೆ ಬೇರೆ, ಆದರೆ ಇಕ್ಕಟ್ಟು ಅಂಥದ್ದೇ. ನಮ್ಮಲ್ಲಿ ಚಿತ್ರೋದ್ಯಮ ಕುಸಿಯುತ್ತಿರಲಿಲ್ಲ, ಏರುತ್ತಿತ್ತು. ಆದರೆ ಅದರ ಹೊರಗೆ ನಿಂತು ಚಿತ್ರ ಮಾಡಲು ಹೊರಟ ಸಾಹಿತಿಗಳು, ರಂಗಕರ್ಮಿಗಳು, ಮೇಷ್ಟರುಗಳ ಹತ್ತಿರ ದುಡ್ಡಿರಲಿಲ್ಲ. ಬಣ್ಣದ ಕಚ್ಚಾ ಫಿಲ್ಮು ದುಬಾರಿ, ಆಮದಿಗೆ ಕಟ್ಟುಪಾಡು. ಹೀಗಾಗಿ ಕಪ್ಪು-ಬಿಳುಪು. ಸೆಟ್ ಹಾಕಿಸುವ ಶಕ್ತಿ ಇಲ್ಲ, ಹೀಗಾಗಿ ನಿಜವಾದ ಮನೆ, ನಿಜವಾದ ಅಗ್ರಹಾರ. ಪಟ್ಟಾಭಿರಾಮ ರೆಡ್ಡಿಯವರು 'ಸಂಸ್ಕಾರ' ಚಿತ್ರೀಕರಿಸಿದ್ದು ನಮ್ಮದೇ ಜಿಲ್ಲೆಯ ಶೃಂಗೇರಿಯ ಹತ್ತಿರ, ತುಂಗೆಯ ದಡದ ವೈಕುಂಠಪುರದಲ್ಲಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸೆನ್ಸಾರ್ ಮಂಡಳಿ ತಡೆಹಿಡಿದಿದ್ದ ಆ ಚಿತ್ರವೇ ಮುಂದೆ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಆ ಬಳಿಕ ಸಾಲುಸಾಲಾಗಿ ಬಂದವು: 'ವಂಶವೃಕ್ಷ', 'ಕಾಡು', 'ಚೋಮನ ದುಡಿ', 'ಹಂಸಗೀತೆ', 'ಪಲ್ಲವಿ', 'ಘಟಶ್ರಾದ್ಧ', 'ಗ್ರಹಣ', 'ಅರಿವು'.

ಈ ಎರಡು ದಾರಿಗಳು ಕೂಡಿದ ಜಾಗಗಳೂ ಉಂಟು. ಗಿರೀಶ ಕಾರ್ನಾಡರು 1978ರ 'ಒಂದಾನೊಂದು ಕಾಲದಲ್ಲಿ' ಮಾಡಿದ್ದು ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರೇರಣೆಯಿಂದ. ಶಂಕರ್ ನಾಗ್ ಎಂಬ ನಟ ನಮಗೆ ಸಿಕ್ಕಿದ್ದು ಆ ಚಿತ್ರದಿಂದ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ರೈತರ ಮುಂದೆ ಸತ್ಯಜಿತ್ ರಾಯ್, ಕುರೊಸಾವಾ ಅವರಂಥವರ ಚಿತ್ರಗಳನ್ನಿಟ್ಟರು. ಹಳ್ಳಿಯವರಿಗೆ ಇದೆಲ್ಲ ಎಲ್ಲಿ ಅರ್ಥವಾದೀತು ಎಂದವರಿಗೆ ಆ ಪ್ರಯೋಗ ಕೊಟ್ಟ ಉತ್ತರವನ್ನು ನಾವು ಇನ್ನೂ ಪೂರ್ತಿ ಕೇಳಿಸಿಕೊಂಡಿಲ್ಲ.

ಈಗ ಸಂಗ್ರಾಹಕರ ಹಂಬಲಕ್ಕೆ ಬರೋಣ. ಅದಕ್ಕೆ ಸಾಮಾನ್ಯವಾಗಿ ಕೊಡುವ ಮೊದಲ ಕಾರಣ, ವಿರಳತೆ. ಯಾರ ಹತ್ತಿರವೂ ಇಲ್ಲದ್ದು ನನ್ನ ಹತ್ತಿರ ಇದೆ ಎಂಬ ಹೆಮ್ಮೆ. ಈ ಹೆಮ್ಮೆ ಇದೆ, ಇಲ್ಲವೆನ್ನಲಾಗದು. ಆದರೆ ಒಂದು ಚಿತ್ರ ಸಿಗದಿರುವುದು ಆ ಚಿತ್ರದ ಗುಣವಲ್ಲ. ಅದನ್ನು ಹಂಚಬೇಕಾದವರ, ಕಾಪಾಡಬೇಕಾದವರ ವೈಫಲ್ಯ. ಇದಕ್ಕೆ ಎನ್. ಲಕ್ಷ್ಮೀನಾರಾಯಣ ಅವರ ಉದಾಹರಣೆಯೇ ಸಾಕು. 1985ರಲ್ಲಿ ಅವರು ನಿರ್ದೇಶಿಸಿದ 'ಬೆಟ್ಟದ ಹೂವು' ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಲು ಹೂ ಮಾರಿ ಕಾಸು ಕೂಡಿಸುವ ಹುಡುಗನಾಗಿ ಪುನೀತ್ ರಾಜ್‌ಕುಮಾರ್ ಎಲ್ಲರ ಮನಸ್ಸಿನಲ್ಲಿದ್ದಾರೆ. ಅದೇ ನಿರ್ದೇಶಕರು 1973ರಲ್ಲಿ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಕತೆಯಿಂದ 'ಅಬಚೂರಿನ ಪೋಸ್ಟಾಫೀಸು' ಮಾಡಿದರು. ಅದಕ್ಕೂ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಆದರೆ ಮೂಡಿಗೆರೆ ಸೀಮೆಯಲ್ಲೇ ಆ ಕತೆ ಓದಿದವರು ಎಷ್ಟೋ ಮಂದಿ ಸಿಗುತ್ತಾರೆ, ಚಿತ್ರ ನೋಡಿದವರನ್ನು ಹುಡುಕಬೇಕು. ನಿರ್ದೇಶಕರು ಒಬ್ಬರೇ, ಕಸುಬು ಒಂದೇ. ಒಂದಕ್ಕೆ ತಾರೆಯ ಬಲವಿತ್ತು, ಹಂಚಿಕೆಯ ಬಲವಿತ್ತು, ಇನ್ನೊಂದಕ್ಕೆ ಇರಲಿಲ್ಲ. ವಿರಳತೆಗೆ ಇಷ್ಟೇ ಅರ್ಥ. ವಿರಳತೆಯನ್ನೇ ಪ್ರೀತಿಸುವ ಸಂಗ್ರಾಹಕ ತನಗರಿವಿಲ್ಲದೆ ಆ ವೈಫಲ್ಯವನ್ನೇ ಪ್ರೀತಿಸುತ್ತಾನೆ. ನಾಳೆ ಚಿತ್ರ ಎಲ್ಲರಿಗೂ ಸಿಕ್ಕಿದರೆ ಅವನ ಪ್ರೀತಿಯೂ ಮುಗಿಯುತ್ತದೆ.

ಎರಡನೆಯ ಕಾರಣ, ಹಳೆಯ ಕಾಲದ ಹಂಬಲ. ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರ ತೋರಿಸುತ್ತಿದ್ದ ದಿನಗಳನ್ನು ಬಲ್ಲವರಿಗೆ ಈ ಮಾತು ನಿಜ. ಊರಿಗೊಂದೋ ಎರಡೋ ಟಿ.ವಿ., ಅದರ ಮುಂದೆ ಇಡೀ ಕೇರಿ. ಆದರೆ ಈಗ ಈ ಚಿತ್ರಗಳನ್ನು ಹುಡುಕುವವರಲ್ಲಿ ಆ ಕಾಲದಲ್ಲಿ ಹುಟ್ಟಿಯೇ ಇರದ ಹುಡುಗ ಹುಡುಗಿಯರೂ ಇದ್ದಾರೆ. ಕೋಚಿ ಪ್ರಾಂತ್ಯವನ್ನು ಕಂಡೇ ಇರದ ಯುರೋಪಿನವರು ಕುರೋಕಿ ಅವರ ಚಿತ್ರಕ್ಕೆ ಹಂಬಲಿಸುತ್ತಾರೆ. ತಾನು ಬದುಕದ ಕಾಲ, ತಾನು ನೋಡದ ಊರಿಗಾಗಿ ಹುಟ್ಟುವ ಈ ಹಂಬಲವನ್ನು ನೆನಪಿನ ಲೆಕ್ಕಕ್ಕೆ ಹಾಕಲು ಬರುವುದಿಲ್ಲ.

ನನಗೆ ಕಾಣುವ ಮೂರನೆಯ ಕಾರಣವೇ ಮುಖ್ಯವಾದದ್ದು. ಈ ಚಿತ್ರಗಳು ನೋಡುವವನನ್ನು ನಂಬುತ್ತವೆ. ದೊಡ್ಡ ಬಂಡವಾಳದ ಚಿತ್ರ ಎಲ್ಲ ಊರಿನವರನ್ನೂ ಒಟ್ಟಿಗೆ ಮೆಚ್ಚಿಸಬೇಕು, ಹಾಗಾಗಿ ಯಾವ ಊರೂ ಅಲ್ಲದ ಒಂದು ಊರನ್ನು ಕಟ್ಟಿಕೊಳ್ಳುತ್ತದೆ. ಸಣ್ಣ ಚಿತ್ರಕ್ಕೆ ಆ ಭಾರವಿಲ್ಲ. ಅದು ಒಂದೇ ಊರನ್ನು ಹಿಡಿದು ಕೂರಬಲ್ಲದು. ಆ ಊರಿನ ಮಾತು, ಅಡುಗೆ ಮನೆಯ ಕತ್ತಲು, ಕೆಲಸದ ನಿಧಾನ, ಯಾರೂ ಬಾಯಿಬಿಟ್ಟು ಆಡದ ಜಾತಿಯ ಲೆಕ್ಕಾಚಾರ ಎಲ್ಲವನ್ನೂ ಅದು ಇದ್ದ ಹಾಗೆ ಮುಂದಿಡುತ್ತದೆ. ಅರ್ಥ ಮಾಡಿಕೊಳ್ಳುವ ಕೆಲಸವನ್ನು ನೋಡುವವನಿಗೆ ಬಿಡುತ್ತದೆ. 'ಅಬಚೂರಿನ ಪೋಸ್ಟಾಫೀಸು' ಕತೆಯನ್ನೇ ನೋಡಿ. ಎಸ್ಟೇಟಿನಲ್ಲಿ ದುಡಿಯುವ ಬೋಬಣ್ಣನಿಗೆ ಊರಿನ ಅಂಚೆಯ ಕೆಲಸವೂ ಗಂಟುಬೀಳುತ್ತದೆ. ಬೇರೆಯವರ ಕಾಗದ ಒಡೆದು ಓದುವ ಕುತೂಹಲ ಅವನನ್ನು ಹಿಡಿಯುತ್ತದೆ. ಆ ಒಂದು ಸಣ್ಣ ಚಪಲದಿಂದ ಮನೆಯ ನೆಮ್ಮದಿ, ಊರಿನ ಸಂಬಂಧ ಎಲ್ಲ ಕದಡಿಹೋಗುತ್ತವೆ. ಇದರಲ್ಲಿ ಖಳನಿಲ್ಲ, ಹೊಡೆದಾಟವಿಲ್ಲ. ಹೊರಜಗತ್ತು ಒಂದು ಟಪಾಲು ಚೀಲದ ರೂಪದಲ್ಲಿ ಕಾಡಿನ ನಡುವಿನ ಊರಿಗೆ ಬಂದರೆ ಏನಾಗುತ್ತದೆ ಎಂಬುದಷ್ಟೇ ಇದೆ. ಫೋನು ಬಂದು ಎಲ್ಲರ ಗುಟ್ಟೂ ಎಲ್ಲರ ಕೈಯಲ್ಲಿರುವ ಈ ಹೊತ್ತಿನಲ್ಲಿ ಬೋಬಣ್ಣನ ಕತೆ ಹಳತಾಗಿಲ್ಲ, ಇನ್ನಷ್ಟು ಹತ್ತಿರವಾಗಿದೆ.

ಒಂದು ಊರಿಗೆ ಇಷ್ಟು ನಿಷ್ಠವಾದ ಚಿತ್ರ ಬೇರೆ ಊರಿನವನಿಗೂ ತಟ್ಟುತ್ತದೆ. ತಟ್ಟುವುದು ಆ ನಿಷ್ಠೆಯಿಂದಲೇ. 'ಸಂಸ್ಕಾರ'ದ ಅಗ್ರಹಾರದಲ್ಲಿ ಹೆಣ ಎತ್ತುವವರಿಲ್ಲದ ಸಂಕಟವನ್ನು ಗ್ರಹಿಸಲು ಟಾಮ್ ಕೋವನ್ ಅವರಿಗೆ ಕನ್ನಡ ಬರಬೇಕಾಗಿರಲಿಲ್ಲ. ಕೋಚಿಯ ಗುಮಾಸ್ತ ಹುಡುಗನ ಉಸಿರುಗಟ್ಟುವಿಕೆ ಅರಿಯಲು ನಮಗೆ ಜಪಾನೀ ಬೇಕಿಲ್ಲ. ಸಂಗ್ರಾಹಕ ಹುಡುಕುತ್ತಿರುವುದು ಈ ಅನುಭವವನ್ನು. ಡಬ್ಬದಲ್ಲಿರುವ ರೀಲು ಅದರ ಹೊರಗಿನ ಕವಚ ಮಾತ್ರ.

ಇಲ್ಲಿ ಒಂದು ಎಚ್ಚರ ಬೇಕು. ಮರೆತುಹೋದದ್ದೆಲ್ಲ ಶ್ರೇಷ್ಠವಲ್ಲ. ಎಪ್ಪತ್ತರ ದಶಕದ ಹೊಸ ಅಲೆಯ ಚಿತ್ರಗಳಲ್ಲಿ ಜೀವವಿಲ್ಲದವು, ಸಾಹಿತ್ಯವನ್ನು ಓದಿ ಒಪ್ಪಿಸಿದಂಥವು, ನಿಧಾನವನ್ನೇ ಆಳವೆಂದು ತಪ್ಪು ತಿಳಿದವು ಖಂಡಿತ ಇವೆ. ಬಹಳ ಕಷ್ಟಪಟ್ಟು ಪಡೆದದ್ದನ್ನು ಕಡಿಮೆಯದೆಂದು ಒಪ್ಪಿಕೊಳ್ಳುವುದು ಯಾವ ಸಂಗ್ರಾಹಕನಿಗೂ ಕಷ್ಟ. ಹೀಗಾಗಿಯೇ ಕಲೆಯಾಗಿ ಬೆಲೆ, ದಾಖಲೆಯಾಗಿ ಬೆಲೆ ಎಂಬ ಎರಡನ್ನೂ ಬೇರೆಯಾಗಿಟ್ಟು ನೋಡಬೇಕು. ಸಾಧಾರಣ ಚಿತ್ರವೊಂದರಲ್ಲೂ ಆ ಕಾಲದ ಘಾಟಿ ರಸ್ತೆ, ಹೆಂಚಿನ ಮನೆ, ಲೈನುಮನೆಯ ಸಾಲು, ಕೂಲಿಗೆ ಹೊರಟ ಹೆಂಗಸರ ನಡಿಗೆ ಉಳಿದಿರುತ್ತದೆ. ಅದು ಕಾಪಾಡಲು ಸಾಕಾದ ಕಾರಣ. ಹೊಗಳಲು ಅಷ್ಟೇ ಸಾಲದು.

ಕಾಪಾಡುವ ಕೆಲಸ ಸರ್ಕಾರದ್ದಲ್ಲವೇ, ಸಂಗ್ರಾಹಕನಿಗೆ ಇದರಲ್ಲಿ ಏನು ಪಾತ್ರ ಎಂದು ಕೇಳಬಹುದು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿತು. ಪಿ.ಕೆ. ನಾಯರ್ ಅವರು ಜೀವಮಾನವನ್ನೇ ತೇಯ್ದು ಅದನ್ನು ಬೆಳೆಸಿದರು. ಆದರೂ ಕನ್ನಡದ ಮೊದಲ ಟಾಕಿ, 1934ರ 'ಸತಿ ಸುಲೋಚನ'ದ ಪ್ರತಿ ನಮಗೆ ಉಳಿದಿಲ್ಲ. ಎಪ್ಪತ್ತರ ದಶಕದ ಚಿತ್ರಗಳಿಗೆ ಬೇರೆಯದೇ ಕಂಟಕ. ಅವು ಅಸಿಟೇಟ್ ಫಿಲ್ಮಿನ ಮೇಲಿವೆ. ಬಿಸಿ ಮತ್ತು ತೇವಕ್ಕೆ ಅಸಿಟೇಟ್ ಒಳಗಿಂದಲೇ ಕೊಳೆಯುತ್ತದೆ, ವಿನೆಗರ್ ವಾಸನೆ ಬಿಡುತ್ತದೆ, ಕುಗ್ಗಿ ಸುರುಟಿಕೊಳ್ಳುತ್ತದೆ. ಒಂದು ಸಲ ಶುರುವಾದ ಮೇಲೆ ಅದನ್ನು ನಿಧಾನ ಮಾಡಬಹುದು, ಹಿಂದಕ್ಕೆ ತಿರುಗಿಸಲಾಗದು. ನಮ್ಮ ಬಣಕಲ್, ಕಳಸದ ಮಳೆಗಾಲದಲ್ಲಿ ಚಪ್ಪಲಿಯಿಂದ ಹಿಡಿದು ಪುಸ್ತಕದವರೆಗೆ ಎಲ್ಲಕ್ಕೂ ಬೂಷ್ಟು ಹಿಡಿಯುವುದನ್ನು ಕಂಡವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಸೆಟ್ಟಿನ ಟೇಪಿಗೂ ಬೂಷ್ಟು ಬರುತ್ತದೆ. ಮನೆಯಲ್ಲಿ ಬರೆದುಕೊಂಡ ಸಿ.ಡಿ., ಡಿ.ವಿ.ಡಿ.ಗಳೂ ಕಾಲ ಕಳೆದಂತೆ ಓದಿಸಿಕೊಳ್ಳುವುದಿಲ್ಲ.

ಕಾಪಾಡಿದರೆ ಏನು ಸಾಧ್ಯ ಎಂಬುದಕ್ಕೆ 'ಘಟಶ್ರಾದ್ಧ' ಸಾಕ್ಷಿ. ಯು.ಆರ್. ಅನಂತಮೂರ್ತಿಯವರ ಕತೆಯಿಂದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ ಆ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕಾರ್ಸೆಸೆ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಇಟಲಿಯ ಬೊಲೋನ್ಯಾದ ಸಂಸ್ಥೆ ಸೇರಿ ಪುನರುಜ್ಜೀವನಗೊಳಿಸಿದವು. 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದ ತೆರೆಯ ಮೇಲೆ ಬಂತು. ಮೂಲ ನೆಗೆಟಿವ್ ಉಳಿದಿದ್ದರಿಂದ ಇದೆಲ್ಲ ಆಯಿತು. ಆದರೆ ಇಷ್ಟು ದೊಡ್ಡ ನೆರವು ಸಿಗುವುದು ಬೆರಳೆಣಿಕೆಯ ಚಿತ್ರಗಳಿಗೆ. ಪಟ್ಟಿಯಲ್ಲಿ ಕೆಳಗಿರುವ ಚಿತ್ರಗಳಿಗೆ ಒಬ್ಬ ಸಂಗ್ರಾಹಕನ ಬೀರುವಿನಲ್ಲಿರುವ ಮಸುಕು ಪ್ರತಿಯೇ ಕೊನೆಯ ಆಸರೆಯಾಗಬಹುದು. ಸಂಸ್ಥೆಗಳು ಹೆಸರಾದ ಚಿತ್ರಗಳಿಂದ ಶುರುಮಾಡಿ ಕೆಳಗಿಳಿಯುತ್ತವೆ, ಸಂಗ್ರಾಹಕ ಹೆಸರಿಲ್ಲದವುಗಳಿಂದಲೇ ಶುರುಮಾಡುತ್ತಾನೆ. ಅವನ ಉಪಕಾರ ಇದೇ.

ಹಾಗಾದರೆ ಅನುಮತಿಯಿಲ್ಲದೆ ಪ್ರತಿ ಮಾಡಿಕೊಂಡವನನ್ನು ಕಳ್ಳ ಎನ್ನಬೇಕೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಮನೆ ಮಾರಿ ಚಿತ್ರ ತೆಗೆದ ನಿರ್ಮಾಪಕನಿಗೆ, ಅವನ ಮಕ್ಕಳಿಗೆ ಹಕ್ಕಿದೆ. ನಮ್ಮ ಕಾನೂನಿನ ಪ್ರಕಾರ ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ. ಅಂದರೆ 1973ರಲ್ಲಿ ಬಿಡುಗಡೆಯಾದ ಚಿತ್ರ 2033ರ ಕೊನೆಯವರೆಗೆ ಯಾರದೋ ಆಸ್ತಿ. ಜಪಾನಿನಲ್ಲಿ ಈ ಅವಧಿ 70 ವರ್ಷ. ಕಷ್ಟವಿರುವುದು ಬೇರೆ ಕಡೆ. ಎಷ್ಟೋ ಹಳೆಯ ಚಿತ್ರಗಳ ವಾರಸುದಾರರು ಯಾರೆಂದೇ ತಿಳಿಯದು. ಗೊತ್ತಿದ್ದವರಿಗೂ ಅದರಿಂದ ಬರುವ ಲಾಭ ಇಲ್ಲದಿರುವುದರಿಂದ ಹುಡುಕಿ ತೆಗೆಯುವ ಉತ್ಸಾಹವಿಲ್ಲ. ಹಕ್ಕಿನ ಅವಧಿ ಮುಗಿಯಲಿ ಎಂದು ಕಾಯುತ್ತ ಕೂತರೆ, ಅದು ಮುಗಿಯುವ ಹೊತ್ತಿಗೆ ಫಿಲ್ಮೂ ಮುಗಿದಿರುತ್ತದೆ. ಮಾರಿ ಹಣ ಮಾಡುವುದು ತಪ್ಪು. ಉಳಿಸುವುದಕ್ಕಾಗಿ ಪ್ರತಿ ಇಟ್ಟುಕೊಂಡು, ವಾರಸುದಾರರನ್ನು ಹುಡುಕಿ, ಅವರ ಒಪ್ಪಿಗೆ ಕೇಳಿ ತೋರಿಸುವುದು ಬೇರೆಯೇ ಕೆಲಸ. ಕಾನೂನು ಈ ಎರಡರ ನಡುವೆ ಗೆರೆ ಎಳೆಯಬೇಕು. ವಾರಸುದಾರರು ಸಿಗದ ಚಿತ್ರಗಳನ್ನು ಸಾರ್ವಜನಿಕ ಸಂಗ್ರಹಾಲಯ ಮತ್ತು ಗ್ರಂಥಾಲಯಗಳು ಲಾಭವಿಲ್ಲದೆ ತೋರಿಸಲು ಸರಳವಾದ ದಾರಿ ಮಾಡಿಕೊಡಬೇಕು.

ಸಂಗ್ರಾಹಕನಿಗೂ ಒಂದು ಹೊಣೆಯಿದೆ. ರೈತ ಬಿತ್ತನೆ ಭತ್ತವನ್ನು ಬೇರೆಯಾಗಿ ಕಟ್ಟಿಡುವುದು ಮುಂದಿನ ಮಳೆಗೆ ಗದ್ದೆಗೆ ಹಾಕಲೆಂದು. ಕಟ್ಟಿಟ್ಟೇ ಬಿಟ್ಟರೆ ಅದು ಬೀಜವಾಗಿಯೂ ಉಳಿಯದು, ಅನ್ನವೂ ಆಗದು. ಚಿತ್ರವೂ ಹಾಗೆಯೇ. ನಾಲ್ಕು ಜನ ಕೂತು ನೋಡಿ, ಮಾತಾಡಿ, ಜಗಳವಾಡಿದಾಗ ಅದು ಪೂರ್ತಿಯಾಗುತ್ತದೆ. ಜಪಾನೀ ಚಿತ್ರಗಳಿಗೆ ರಾತ್ರಿ ನಿದ್ದೆಗೆಟ್ಟು ಸಬ್‌ಟೈಟಲ್ ಮಾಡುವವರು ಇದನ್ನು ಚೆನ್ನಾಗಿ ಬಲ್ಲರು. ತನಗಾಗಿ ಮಾತ್ರ ಕೂಡಿಡುವವನಿಗೆ ಸಬ್‌ಟೈಟಲಿನ ಅಗತ್ಯ ಅಷ್ಟಿಲ್ಲ. ಅದು ಇನ್ನೊಬ್ಬ ನೋಡಲೆಂದು ಪಡುವ ಶ್ರಮ.

ನಮ್ಮ ಸೀಮೆಯಲ್ಲಿ ಇದಕ್ಕೆ ಬೇಕಾದ ನೆಲ ಹದವಾಗಿಯೇ ಇದೆ. ಬಣಕಲ್ ಪಕ್ಕದ ಕೊಟ್ಟಿಗೆಹಾರದಲ್ಲಿ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ. ಅವರ ಒಂದೇ ಕಥಾಸಂಕಲನದಿಂದ ಹಲವು ಚಿತ್ರಗಳು ಬಂದಿವೆ, ಅವುಗಳಲ್ಲಿ ಮೂರು: ಲಕ್ಷ್ಮೀನಾರಾಯಣ ಅವರ 'ಅಬಚೂರಿನ ಪೋಸ್ಟಾಫೀಸು', ಕಾಸರವಳ್ಳಿಯವರ 'ತಬರನ ಕಥೆ', ಸದಾನಂದ ಸುವರ್ಣ ಅವರ 'ಕುಬಿ ಮತ್ತು ಇಯಾಲ'. ಈ ಮೂರನ್ನೂ ಒಪ್ಪಿಗೆ ಪಡೆದು, ಸಿಗುವುದರಲ್ಲಿ ಒಳ್ಳೆಯ ಪ್ರತಿ ತಂದು, ಇಲ್ಲಿನ ತೋಟದ ಕೆಲಸಗಾರರು, ಬೆಳೆಗಾರರು, ಹೈಸ್ಕೂಲು ಮಕ್ಕಳು ಒಟ್ಟಿಗೆ ಕೂತು ನೋಡುವಂತೆ ಮಾಡಲು ದೊಡ್ಡ ಬಂಡವಾಳ ಬೇಕಿಲ್ಲ. ನೋಡಿದ ಮೇಲೆ ಹಿರಿಯರು ಹೇಳುವುದನ್ನು ಬರೆದಿಡಬೇಕು: ಆ ಕಾಲದ ಅಂಚೆ ಹೇಗೆ ಬರುತ್ತಿತ್ತು, ಕೂಲಿ ಎಷ್ಟಿತ್ತು, ಪಿಂಚಣಿಗಾಗಿ ತಬರನಂತೆ ಕಚೇರಿಯಿಂದ ಕಚೇರಿಗೆ ಅಲೆದವರು ಯಾರಿದ್ದರು. ಚಿತ್ರವೊಂದನ್ನು ಅದರ ನೆಲದಲ್ಲೇ ತೋರಿಸಿದಾಗ ಮಾತ್ರ ಸಿಗುವ ತಿಳಿವಳಿಕೆ ಇದು. ಪುಣೆಯ ತಂಪು ಕೋಣೆ ಫಿಲ್ಮನ್ನು ಉಳಿಸೀತು, ಈ ತಿಳಿವಳಿಕೆಯನ್ನು ಉಳಿಸಲಾರದು.

ಮನೆಗಳಲ್ಲಿ ಹಳೆಯ ರೀಲು, ಕ್ಯಾಸೆಟ್ಟು, ಚಿತ್ರೀಕರಣದ ಫೋಟೋ, ಕರಪತ್ರ ಇದ್ದವರು ಈ ಮಳೆಗಾಲಕ್ಕೆ ಮುಂಚೆಯೇ ಅವನ್ನು ತೆಗೆದು ನೋಡಲಿ, ಬೂಷ್ಟು ಹಿಡಿಯುವ ಮೊದಲು ಡಿಜಿಟಲ್ ಪ್ರತಿ ಮಾಡಿಸಲಿ, ಮೂಲವನ್ನು ಸಂಗ್ರಹಾಲಯಕ್ಕೆ ಒಪ್ಪಿಸುವ ಯೋಚನೆ ಮಾಡಲಿ. ಸಂಗ್ರಾಹಕರು ತಮ್ಮ ಬಳಿ ಇರುವುದರ ಪಟ್ಟಿಯನ್ನಾದರೂ ಬಹಿರಂಗ ಮಾಡಲಿ. ಒಂದು ಚಿತ್ರ ಎಲ್ಲಿದೆ ಎಂದು ಗೊತ್ತಾದರೆ ಅದನ್ನು ಉಳಿಸುವ ಅರ್ಧ ಕೆಲಸ ಮುಗಿದಂತೆ. ಸಿಗದ ಚಿತ್ರಕ್ಕಾಗಿ ಹಂಬಲಿಸುವವರನ್ನು ನಾನು ಗೌರವಿಸುತ್ತೇನೆ, ಯಾಕೆಂದರೆ ಎಲ್ಲರೂ ಕೈಬಿಟ್ಟದ್ದರಲ್ಲಿ ಬೆಲೆಯಿದೆ ಎಂದು ಮೊದಲು ನಂಬಿದವರು ಅವರೇ. ಆ ನಂಬಿಕೆ ಸಾರ್ಥಕವಾಗುವುದು ಒಂದೇ ರೀತಿಯಲ್ಲಿ. ಅವರು ಹುಡುಕಿದ ಚಿತ್ರ ಇನ್ನು ಯಾರೂ ಹುಡುಕಬೇಕಿಲ್ಲದಷ್ಟು ಸುಲಭವಾಗಿ, ಅದು ಹುಟ್ಟಿದ ನೆಲದವರಿಗೂ ಹೊರಗಿನವರಿಗೂ ಸಿಗುವಂತಾಗಬೇಕು.